ತುದಿಪಟ್ಟಿಯ ಉದ್ದಕ್ಕೂ ಅಂಟು ಹಚ್ಚಬೇಡಿ: ಮೂರು ತಿಂಗಳಲ್ಲಿ ಸೀಳಿದ ತೇಗದ ಮೇಜು

ಗಟ್ಟಿ ಮರದ ಮೇಜು ಮಾಡುವವರು ಹಲಗೆಯ ಎರಡೂ ತುದಿಗೆ ಅಡ್ಡಲಾಗಿ ಪಟ್ಟಿ ಕೂರಿಸುವ ಯೋಚನೆಯಲ್ಲಿದ್ದರೆ, ಅಂಟಿನ ಡಬ್ಬಿ ತೆರೆಯುವ ಮೊದಲು ಇದನ್ನು ಓದಿ.

ಮೇಜು ತೇಗದ್ದು. 150 ಮಿ.ಮೀ. ಅಗಲದ ಆರು ಹಲಗೆಗಳನ್ನು ಪಕ್ಕಪಕ್ಕ ಅಂಟಿಸಿದ ಮೇಲ್ಹಲಗೆ: 900 ಅಗಲ, 1800 ಉದ್ದ, 30 ದಪ್ಪ. ತುದಿಗಳಲ್ಲಿ 10 ಮಿ.ಮೀ. ದಪ್ಪದ ನಾಲಿಗೆ (ಹೊರಚಾಚುವ ತೆಳು ಅಂಚು) ತೆಗೆದು, 90 ಮಿ.ಮೀ. ಅಗಲದ ತುದಿಪಟ್ಟಿಯಲ್ಲಿ ಅದಕ್ಕೆ ಸರಿಯಾದ ಗಾಡಿ (ಉದ್ದನೆಯ ತೋಡು) ಹೊಡೆದು, ಈ ಕೊನೆಯಿಂದ ಆ ಕೊನೆಯವರೆಗೆ ಅಂಟು ಸುರಿದು ಕ್ಲಾಂಪ್ ಬಿಗಿಯಲಾಗಿತ್ತು. ಕೆಳಗಿನ ಚೌಕಟ್ಟಿಗೆ ಹನ್ನೆರಡು ಸ್ಕ್ರೂ. ತೂತುಗಳೂ ಸ್ಕ್ರೂವಿನ ದಪ್ಪದ್ದೇ, ಅಲುಗಾಡಲು ಎಳ್ಳಷ್ಟೂ ಜಾಗವಿಲ್ಲ. ಕೆಲಸ ನಡೆದದ್ದು ಮಳೆಗಾಲದಲ್ಲಿ, ಮೇಜು ಹೋಗಿ ಕೂತದ್ದು ಎಸಿ ಕೋಣೆಯಲ್ಲಿ. ಮೂರನೇ ತಿಂಗಳಿಗೆ ಒಂದು ಪಟ್ಟಿಯ ಬುಡದಿಂದ ಒಳಕ್ಕೆ 400 ಮಿ.ಮೀ. ಉದ್ದದ ಸೀಳು ಬಿತ್ತು. ಪಟ್ಟಿಯ ಹತ್ತಿರ ಅದರ ಬಾಯಿ 3 ಮಿ.ಮೀ.

ಇಂಥ ಹೊತ್ತಿನಲ್ಲಿ ಬೈಗುಳ ಮೊದಲು ಬೀಳುವುದು ಅಂಟಿನ ಮೇಲೆ. ಬೈಯುವ ಮೊದಲು ಸೀಳಿನೊಳಗೆ ಟಾರ್ಚ್ ಬಿಟ್ಟು ನೋಡಿ. ಎರಡೂ ಗೋಡೆ ನುಣ್ಣಗಿದ್ದು ಒಣಗಿದ ಅಂಟಿನ ಪದರ ಮಿರುಗುತ್ತಿದ್ದರೆ ಅಂಟಿಸಿದ್ದರಲ್ಲೇ ತಪ್ಪಾಗಿದೆ: ಕ್ಲಾಂಪ್ ಹಾಕುವಷ್ಟರಲ್ಲಿ ಅಂಟು ಕೆನೆಗಟ್ಟಿರಬೇಕು, ಇಲ್ಲವೇ ಅಂಚುಗಳು ನೇರವಾಗಿ ಕೂತಿಲ್ಲ. ಇಲ್ಲಿ ಹಾಗಿರಲಿಲ್ಲ. ಸೀಳು ಅಂಟಿನ ಗೆರೆಯಿಂದ ಎರಡು ಮಿ.ಮೀ. ಪಕ್ಕಕ್ಕೆ, ಮರದೊಳಗೇ ಓಡಿತ್ತು. ಹರಿದ ನಾರು ಎದ್ದು ಕಾಣುತ್ತಿತ್ತು. ಅಂಟು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದೆ. ಅದು ಇರಬಾರದ ಕಡೆ ಇತ್ತು, ಅಷ್ಟೆ.

ಮರ ತೇವಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಇದು ಎಲ್ಲರಿಗೂ ಗೊತ್ತು. ಎಷ್ಟು ಎಂದು ಲೆಕ್ಕ ಹಾಕುವವರು ಕಡಿಮೆ. ಹಸಿ ತೇಗ ಪೂರ್ತಿ ಒಣಗುವಷ್ಟರಲ್ಲಿ ವರ್ಷದುಂಗುರಗಳ ಜೊತೆಜೊತೆಗೆ ಸುಮಾರು 5.8%, ಉಂಗುರಗಳನ್ನು ಅಡ್ಡ ಹಾಯುವ ದಿಕ್ಕಿನಲ್ಲಿ ಸುಮಾರು 2.5% ಕುಗ್ಗುತ್ತದೆ. ಈ ಕುಗ್ಗುವಿಕೆ ಶುರುವಾಗುವುದು ತೇವಾಂಶ ಸುಮಾರು 30%ಕ್ಕೆ ಇಳಿದ ಮೇಲೆ. ಆದ್ದರಿಂದ ಆ ಅಂಕಿಗಳನ್ನು 30ರಿಂದ ಭಾಗಿಸಿದರೆ ಪ್ರತಿ ಒಂದು ಶೇಕಡಾ ತೇವಕ್ಕೆ ಎಷ್ಟು ಎಂಬ ಅಂದಾಜು ಸಿಗುತ್ತದೆ. ಅಂಟಿಸುವಾಗ 15% ಇದ್ದ ತೇವ ಎಸಿ ಕೋಣೆಯಲ್ಲಿ 10%ಕ್ಕೆ ಇಳಿಯಿತು ಅನ್ನಿ. 900 ಮಿ.ಮೀ. ಅಗಲಕ್ಕೆ 8ರಿಂದ 9 ಮಿ.ಮೀ. ಕುಗ್ಗಬೇಕು. ಇದು ಹಲಗೆಯ ತುದಿಯಲ್ಲಿ ಉಂಗುರಗಳು ಮುಖಕ್ಕೆ ಸಮಾನಾಂತರವಾಗಿ ಮಲಗಿದ್ದರೆ. ನೆಟ್ಟಗೆ ನಿಂತಿದ್ದರೆ 4 ಮಿ.ಮೀ. ಒಳಗೇ ಮುಗಿಯುತ್ತದೆ, ಅಂಥ ಹಲಗೆ ಸಿಕ್ಕರೆ ಮೇಲ್ಹಲಗೆಗೆಂದೇ ಎತ್ತಿಡಿ.

ತುದಿಪಟ್ಟಿಯ ಎಳೆ, ಅಂದರೆ ಮರದ ನಾರು, ಓಡುವುದು ಅದರ ಉದ್ದಕ್ಕೆ. ಎಳೆಯ ದಿಕ್ಕಿನಲ್ಲಿ ಮರ ಕುಗ್ಗುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ: 900 ಮಿ.ಮೀ.ಗೆ ಕಾಲು ಮಿ.ಮೀ. ಆಚೀಚೆ. ಹಲಗೆ 9 ಮಿ.ಮೀ. ಒಳಗೆ ಸರಿಯಲು ಹೊರಟಿದೆ, ಪಟ್ಟಿ ಕದಲುವುದಿಲ್ಲ, ನಡುವೆ ಗಟ್ಟಿ ಅಂಟು. ಮರ ಅತ್ಯಂತ ದುರ್ಬಲವಾಗಿರುವುದೂ ಎಳೆಗೆ ಅಡ್ಡಲಾಗಿ ಎಳೆದಾಗಲೇ. ಸೌದೆ ಒಡೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ವಾರ್ನಿಷೋ ಪಾಲಿಯುರಿಥೇನೋ ಬಳಿದಿದ್ದರೆ ಉಳಿಯುತ್ತಿತ್ತೇ? ಇಲ್ಲ. ಯಾವ ಲೇಪವೂ ತೇವದ ಓಡಾಟವನ್ನು ನಿಧಾನ ಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಮೇಲೆ ಮೂರು ಕೋಟ್ ಹೊಡೆದು ಅಡಿಯನ್ನು ಬರಿದಾಗಿ ಬಿಟ್ಟರಂತೂ ಎರಡು ಮುಖ ಎರಡು ವೇಗದಲ್ಲಿ ಒಣಗಿ ಹಲಗೆ ಬಾಗುತ್ತದೆ. ಅಡಿಗೂ ಅಷ್ಟೇ ಕೋಟ್ ಬೇಕು.

ಮೊದಲು ತೇವ ಅಳೆಯಿರಿ. ಗಾಳಿಯ ಆರ್ದ್ರತೆ 80% ಇರುವ ಕಡೆ ಮರ 16%ರ ಹತ್ತಿರ ನಿಲ್ಲುತ್ತದೆ, 65% ಇದ್ದರೆ 12%, 50% ಇದ್ದರೆ 9%. ಮೇಜು ಇರಲಿರುವ ಕೋಣೆಯ ಅಂಕಿಗೂ ಅಂಟಿಸುವ ದಿನದ ಅಂಕಿಗೂ ಎರಡು ಶೇಕಡಾಕ್ಕಿಂತ ಹೆಚ್ಚು ಅಂತರ ಬೇಡ. ಮೊಳೆ ಚುಚ್ಚುವ ಮೀಟರ್ ಆದರೆ ಹಲಗೆಯ ತುದಿಯಲ್ಲಿ ಚುಚ್ಚಬೇಡಿ, ತುದಿ ಯಾವಾಗಲೂ ಬೇಗ ಒಣಗಿರುತ್ತದೆ; ನಡುವೆ ಒಂದು ಚೂರು ಕತ್ತರಿಸಿ ಹೊಸ ಮುಖದಲ್ಲಿ ನೋಡಿ. ಮೀಟರ್ ಇಲ್ಲದಿದ್ದರೆ ಆ ಚೂರನ್ನೇ ತೂಗಿ, 103 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. 120 ಗ್ರಾಂ ಇದ್ದದ್ದು 105ಕ್ಕೆ ನಿಂತರೆ, ಕಳೆದುಹೋದ 15ನ್ನು 105ರಿಂದ ಭಾಗಿಸಿ: 14.3%. ಭಾಗಿಸಬೇಕಾದದ್ದು ಒಣ ತೂಕದಿಂದ. ಹಸಿ ತೂಕದಿಂದ ಭಾಗಿಸಿ ಮರ ಒಣಗಿದೆ ಎಂದು ಸಮಾಧಾನಪಟ್ಟುಕೊಳ್ಳುವವರೂ ಇದ್ದಾರೆ.

ತುದಿಪಟ್ಟಿ ಬೇಕೇ ಬೇಕೆಂದರೆ ಹೀಗೆ ಮಾಡಿ. ನಾಲಿಗೆ ಹಲಗೆಯ ದಪ್ಪದ ಮೂರನೇ ಒಂದು ಭಾಗ, ಉದ್ದಕ್ಕೂ 12 ಮಿ.ಮೀ. ಮಾತ್ರ ಹೊರಚಾಚಿರಲಿ. ಅದರ ನಡುವೆ 75 ಮಿ.ಮೀ. ಅಗಲ, 50 ಮಿ.ಮೀ. ಆಳದ ಮೂರು ಟೆನನ್ (ಕಿಂಡಿಯೊಳಗೆ ಕೂರುವ ಉದ್ದನೆಯ ನಾಲಿಗೆ) ಬಿಡಿ: ಒಂದು ಸರಿಯಾಗಿ ಮಧ್ಯದಲ್ಲಿ, ಉಳಿದೆರಡು ಅದರಿಂದ 350 ಮಿ.ಮೀ. ದೂರದಲ್ಲಿ ಎರಡೂ ಬದಿಗೆ. ಮಧ್ಯದ ಟೆನನ್ನಿಗೆ ಪಟ್ಟಿಯಲ್ಲಿ ಬಿಗಿಯಾದ ಕಿಂಡಿ. ಬದಿಯವುಗಳ ಕಿಂಡಿ ಅಗಲದಲ್ಲಿ ಎರಡೂ ಪಕ್ಕ 5 ಮಿ.ಮೀ. ಸಡಿಲ, ದಪ್ಪದಲ್ಲಿ ಬಿಗಿ. ಮೇಲಿನ ಲೆಕ್ಕದಂತೆ 350 ಮಿ.ಮೀ. ದೂರದಲ್ಲಿ ಸರಿದಾಟ ಸುಮಾರು 3.4 ಮಿ.ಮೀ., ಹಾಗಾಗಿ 5 ಸಾಕು. ಪಟ್ಟಿಯಲ್ಲಿ ಗೂಟಕ್ಕೆಂದು 8 ಮಿ.ಮೀ. ತೂತು ಕೊರೆದು, ಟೆನನ್ ಒಳಗಿಟ್ಟು, ಡ್ರಿಲ್ ಮೊನೆಯಿಂದ ಗುರುತು ಒತ್ತಿ, ಹೊರತೆಗೆದು, ಗುರುತಿಗಿಂತ 1 ಮಿ.ಮೀ. ಹಲಗೆಯ ಕಡೆಗೆ ಟೆನನ್ನಿನ ತೂತು ಕೊರೆಯಿರಿ. ಗೂಟ ಹೊಡೆದಾಗ ಪಟ್ಟಿಯನ್ನು ಹಲಗೆಗೆ ಬಿಗಿಯಾಗಿ ಎಳೆದುಕೊಳ್ಳುವುದು ಈ ಒಂದು ಮಿ.ಮೀ. ಬದಿಯ ಟೆನನ್‌ಗಳ ತೂತನ್ನು ಮೇಜಿನ ಅಗಲದ ದಿಕ್ಕಿಗೆ ಅರದಿಂದ ಉದ್ದ ಮಾಡಿ, ಎರಡೂ ಪಕ್ಕ 5 ಮಿ.ಮೀ. ಪಟ್ಟಿಯ ತೂತು ಗುಂಡಗೇ ಇರಲಿ.

ಅಂಟು ಮಧ್ಯದ ಟೆನನ್ನಿಗೆ ಮಾತ್ರ. ಬದಿಯ ಗೂಟಗಳು ಕಳಚದಂತೆ ಕೆಳತುದಿಗೆ ಒಂದು ಹನಿ ಹಾಕಬಹುದು, ಆದರೆ ಆ ಹನಿ ಟೆನನ್ ದಾಟಿದ ಮೇಲೆ ಪಟ್ಟಿಯ ಅಡಿಭಾಗದಲ್ಲಿ ಬೀಳಬೇಕು. ಗೂಟ ಹೊಡೆಯುವ ಮೊದಲೇ ಹಚ್ಚಿದರೆ ಅಂಟು ಟೆನನ್ನಿಗೂ ಮೆತ್ತಿಕೊಂಡು ಹಳೆಯ ತಪ್ಪೇ ಮರಳುತ್ತದೆ. ಗೂಟ ಮುಕ್ಕಾಲು ಇಳಿದ ಮೇಲೆ ಅಡಿಯಿಂದ ಹಚ್ಚಿ.

ಚೌಕಟ್ಟಿಗೆ ಕೂರಿಸುವುದರಲ್ಲೂ ಇದೇ ಗಮನ ಬೇಕು. ಒಳಮೈಯಲ್ಲಿ ಗಾಡಿ ಹೊಡೆದು, ಅದಕ್ಕೆ ಮೂತಿ ಸಿಗಿಸುವ ಮರದ ತುಂಡುಗಳನ್ನು ಹಲಗೆಗೆ ಸ್ಕ್ರೂ ಮಾಡುವುದು ಒಳ್ಳೆಯದು. ತುಂಡಿನ ಎಳೆ ಮೂತಿಯ ಉದ್ದಕ್ಕೆ ಓಡಬೇಕು. ಅಡ್ಡ ಓಡಿದರೆ ಸ್ಕ್ರೂ ಬಿಗಿಯುವಾಗಲೇ ಮೂತಿ ಮುರಿದು ಕೈಗೆ ಬರುತ್ತದೆ. ಉದ್ದನೆಯ ಬದಿಗಳಲ್ಲಿ ತುಂಡಿಗೂ ಚೌಕಟ್ಟಿಗೂ ನಡುವೆ 5 ಮಿ.ಮೀ. ಬಿಡಿ. ಇಷ್ಟು ಕೆಲಸ ಬೇಡವೆಂದರೆ 5 ಮಿ.ಮೀ. ಅಗಲ, 15 ಮಿ.ಮೀ. ಉದ್ದದ ಸೀಳುತೂತು, ವಾಷರ್, ಅಡಿ ಚಪ್ಪಟೆಯಿರುವ ತಲೆಯ ಸ್ಕ್ರೂ. ಶಂಕುವಿನಂಥ ತಲೆಯದ್ದು ಬೇಡ, ಅದು ಬೆಣೆಯಂತೆ ಕಚ್ಚಿಕೊಂಡು ಸೀಳುತೂತನ್ನು ವ್ಯರ್ಥ ಮಾಡುತ್ತದೆ. ಪ್ಲೈವುಡ್ ಅಥವಾ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಯಾದರೆ ಇದ್ಯಾವ ತಾಪತ್ರಯವೂ ಇಲ್ಲ, ಸುತ್ತಲೂ ಧಾರಾಳವಾಗಿ ಅಂಟಿಸಿ.

ಮೇಜು ತೆಗೆದುಕೊಳ್ಳುವವರಿಗೆ ಒಂದು ಮಾತು ಮೊದಲೇ ಹೇಳಿಬಿಡಿ: ಒಣ ಹವೆಯಲ್ಲಿ ತುದಿಪಟ್ಟಿ ಹಲಗೆಗಿಂತ ಎರಡೂ ಪಕ್ಕ 4 ಮಿ.ಮೀ.ವರೆಗೆ ಹೊರಗೆ ಚಾಚುತ್ತದೆ. ಅದನ್ನು ತೋಪಡ ಹಿಡಿದು ಸಮ ಮಾಡಿದರೆ ಮುಂದಿನ ಮಳೆಗಾಲಕ್ಕೆ ಪಟ್ಟಿ ಒಳಗೆ ಬಿದ್ದಂತೆ ಕಾಣುತ್ತದೆ.

ಈಗಾಗಲೇ ಸೀಳಿದ್ದರೆ? ಮರದ ಪುಡಿ ಬೆರೆಸಿದ ಅಂಟನ್ನೋ ಎಪಾಕ್ಸಿಯನ್ನೋ ತುಂಬಬೇಡಿ. ತೇವದ ದಿನಗಳಲ್ಲಿ ಹಲಗೆ ಹಿಗ್ಗಿ ಆ ಬೆಣೆಗೆ ಒತ್ತಿಕೊಳ್ಳುತ್ತದೆ, ಮತ್ತೆ ಒಣಗಿದಾಗ ಬಿರುಕು ಇನ್ನೊಂದು ಕಡೆ ಬಾಯಿಬಿಡುತ್ತದೆ. ಪಟ್ಟಿ ಅಂಟಿಕೊಂಡಿರುವಾಗಲೇ ಕ್ಲಾಂಪ್ ಹಾಕಿ ಸೀಳು ಮುಚ್ಚಲು ಹೋಗುವುದೂ ಬೇಡ. ಮೊದಲು ಸ್ಕ್ರೂ ಎಲ್ಲ ಬಿಚ್ಚಿ, ಎರಡೂ ತುದಿಪಟ್ಟಿಗಳನ್ನು ಬುಡದ ಗೆರೆಗೆ ಗರಗಸದಿಂದ ಕೊಯ್ದು ತೆಗೆಯಿರಿ. ಹಲಗೆಯನ್ನು ಅದೇ ಕೋಣೆಯಲ್ಲಿ, ಎರಡೂ ಮುಖಕ್ಕೆ ಗಾಳಿಯಾಡುವಂತೆ ಪಟ್ಟಿಗಳ ಮೇಲೆ ಮೂರು ನಾಲ್ಕು ವಾರ ಮಲಗಿಸಿ. ಸೀಳು ಕೈಯೊತ್ತಡಕ್ಕೆ ಮುಚ್ಚುವಷ್ಟಾದರೆ ತೆಳು ತಗಡಿನಿಂದ ಆಳಕ್ಕೆ ಅಂಟು ತಳ್ಳಿ ಕ್ಲಾಂಪ್ ಹಾಕಿ, ಒಂದು ದಿನ ಬಿಡಿ. ಮುಚ್ಚದಿದ್ದರೆ ಸೀಳಿನ ಗೆರೆಗೇ ಉದ್ದಕ್ಕೂ ಕೊಯ್ದು, ಅಂಚು ನೇರ ಮಾಡಿ ಮತ್ತೆ ಅಂಟಿಸಿ. ಅಗಲದಲ್ಲಿ ಐದಾರು ಮಿ.ಮೀ. ಹೋಗುತ್ತದೆ. ಹೊಸ ನಾಲಿಗೆ, ಟೆನನ್ ತೆಗೆಯುವಾಗ ಉದ್ದವೂ ಒಂದೊಂದು ತುದಿಯಿಂದ 50 ಮಿ.ಮೀ. ಕಡಿಮೆಯಾಗುತ್ತದೆ. ಕಾಲುಗಳ ಚೌಕಟ್ಟು ಅದಕ್ಕೆ ಹೊಂದುತ್ತದೆಯೇ ಎಂದು ಗರಗಸ ಎತ್ತುವ ಮೊದಲೇ ಅಳೆದು ನೋಡಿ.