ಹನ್ನೆರಡು ಕ್ಯಾಮೆರಾಕ್ಕೆ ಯಾವ ಸಾಫ್ಟ್‌ವೇರ್? ಬಳಸಿ ನೋಡಿ ಬರೆದದ್ದು

ಗೋಡೌನಿಗೆ ಕ್ಯಾಮೆರಾ ಹಾಕಿಸಿದಾಗ ಸಾಫ್ಟ್‌ವೇರ್ ಬಗ್ಗೆ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ರೆಕಾರ್ಡರ್ ಡಬ್ಬದ ಜೊತೆ ಬಂದದ್ದನ್ನೇ ಎರಡು ವರ್ಷ ಬಳಸಿದೆ. ಆಮೇಲೆ ಒಂದು ಕ್ಲೌಡ್ ಸೇವೆ (ರೆಕಾರ್ಡಿಂಗನ್ನು ಇಂಟರ್ನೆಟ್ ಮೂಲಕ ಕಂಪನಿಯ ಕಂಪ್ಯೂಟರಿನಲ್ಲಿ ಇಡುವುದು), ನಮ್ಮದೇ ಪಿಸಿಯಲ್ಲಿ ಓಡುವ ಮೈಲ್‌ಸ್ಟೋನ್ ಎಕ್ಸ್‌ಪ್ರೊಟೆಕ್ಟ್, ಎನ್‌ಎಕ್ಸ್ ವಿಟ್ನೆಸ್ ಇವಿಷ್ಟನ್ನೂ ನೋಡಿ ಎನ್‌ಎಕ್ಸ್ ವಿಟ್ನೆಸ್‌ನಲ್ಲೇ ನಿಂತೆ. ಇನ್ನು ಬದಲಾಯಿಸುವ ಮನಸ್ಸಿಲ್ಲ.

ಲೈವ್ ನೋಡುವುದು, ಮೊಬೈಲಿನಲ್ಲಿ ನೋಡುವುದು ಎಲ್ಲದರಲ್ಲೂ ಇದೆ. ವ್ಯತ್ಯಾಸ ಗೊತ್ತಾಗುವುದು ಏನಾದರೂ ಕಳವಾದಾಗ.

ಒಂದು ಸೋಮವಾರ ಬೆಳಿಗ್ಗೆ ಏಳಕ್ಕೆ ಎಣಿಸಿದರೆ ಆರು ಪೆಟ್ಟಿಗೆ ಕಡಿಮೆ. ಶನಿವಾರ ಸಂಜೆ ಏಳಕ್ಕೆ ಲೆಕ್ಕ ಸರಿ ಇತ್ತು. ನಾಲ್ಕನೇ ಕ್ಯಾಮೆರಾ ಆ ರ‍್ಯಾಕಿಗೇ ಮುಖ ಮಾಡಿ ನಿಂತಿದೆ, ಸಿಕ್ಕೇ ಸಿಗುತ್ತದೆ ಅಂದುಕೊಂಡೆ. ಹಳೆಯ ಸಾಫ್ಟ್‌ವೇರಿನಲ್ಲಿ ಚಲನೆ ಹುಡುಕಿದರೆ ಟೈಮ್‌ಲೈನ್ ಪೂರ್ತಿ ಕೆಂಪು. ಕತ್ತಲಲ್ಲಿ ಕಾಣಲೆಂದು ಕ್ಯಾಮೆರಾ ಬೀರುವ ಐಆರ್ (ಅವಗೆಂಪು) ಬೆಳಕಿಗೆ ಮುತ್ತುವ ಹುಳ, ಲೆನ್ಸಿನ ಮುಂದೆ ಅಲುಗಾಡುವ ಜೇಡರ ಬಲೆ, ಅದಕ್ಕೆ ಎಲ್ಲವೂ ಚಲನೆಯೇ. 36 ಗಂಟೆಯನ್ನು ಹದಿನಾರು ಪಟ್ಟು ವೇಗದಲ್ಲಿ ಓಡಿಸಿ, ರೆಪ್ಪೆ ಮಿಟುಕಿಸದೆ ಎರಡು ಗಂಟೆಗೂ ಹೆಚ್ಚು ಕೂತ ಮೇಲೆ ಭಾನುವಾರ ನಸುಕಿನ ಆ ನಾಲ್ಕು ನಿಮಿಷ ಸಿಕ್ಕಿತು.

ನಿಜವಾದ ಗೋಳು ಅಲ್ಲಿಂದ ಶುರು. ಎಕ್ಸ್‌ಪೋರ್ಟ್ ಮಾಡಿದರೆ ಅದರದೇ ಒಂದು ಫಾರ್ಮ್ಯಾಟ್, ಅದನ್ನು ತೆರೆಯಲು ಅದರದೇ ಪ್ಲೇಯರ್. ತನಿಖೆಗೆ ಬಂದವರ ಕಂಪ್ಯೂಟರಿನಲ್ಲಿ ಹೊರಗಿನ ಪ್ರೋಗ್ರಾಂ ಹಾಕುವಂತಿರಲಿಲ್ಲ. ಎಂಪಿ4ಗೆ ಬದಲಾಯಿಸಿ ಕೊಟ್ಟೆ, ಚಿತ್ರದ ಮೇಲಿದ್ದ ದಿನಾಂಕ, ಸಮಯ ಎರಡೂ ಮಾಯ. ಸಮಯವೇ ಇಲ್ಲದ ವಿಡಿಯೊ ಯಾವ ದಿನದ್ದು ಅಂತ ಹೇಗೆ ತೋರಿಸುವುದು? ಕೊನೆಗೆ ಪರದೆಯನ್ನೇ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡೆ.

ಇದರಲ್ಲೇ ದಿನ ಕಳೆಯಿತು. ಮುಂದಿನ ಮಂಗಳವಾರ ಗೇಟಿನ ಕ್ಯಾಮೆರಾದ್ದೂ ಬೇಕು ಅಂದರು. ತೆರೆದು ನೋಡಿದರೆ ಆ ಭಾನುವಾರವೇ ಇಲ್ಲ, ಹೊಸ ರೆಕಾರ್ಡಿಂಗ್ ಅದರ ಮೇಲೆ ಕೂತಿತ್ತು. ಲೆಕ್ಕ ಆಗ ಹಾಕಿದೆ. 4 ಎಂಬಿಪಿಎಸ್ (ಸೆಕೆಂಡಿಗೆ 4 ಮೆಗಾಬಿಟ್) ಕ್ಯಾಮೆರಾ ಒಂದು ದಿನಕ್ಕೆ ಸುಮಾರು 43 ಜಿಬಿ ತಿನ್ನುತ್ತದೆ, ಹನ್ನೆರಡಕ್ಕೆ 518 ಜಿಬಿ. ನನ್ನ 4 ಟಿಬಿ ಡಿಸ್ಕ್ ಪೂರ್ತಿ ಎಂಟು ದಿನ ಕೂಡ ಬಾಳುವುದಿಲ್ಲ. ಕೊಳ್ಳುವಾಗಲೇ ಈ ಗುಣಾಕಾರ ಮಾಡಬೇಕಿತ್ತು ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕ್ಲೌಡ್ ಸೇವೆ ನನಗೆ ಆಗಿಬರಲಿಲ್ಲ. ಹನ್ನೆರಡು ಕ್ಯಾಮೆರಾ ಎಂದರೆ ಹಗಲೂ ರಾತ್ರಿ 48 ಎಂಬಿಪಿಎಸ್ ಅಪ್‌ಲೋಡ್. ಮೇಲೆ ತಿಂಗಳು ತಿಂಗಳು ಕ್ಯಾಮೆರಾ ಲೆಕ್ಕದಲ್ಲಿ ಬಾಡಿಗೆ.

ಮೈಲ್‌ಸ್ಟೋನ್ ಗಟ್ಟಿಮುಟ್ಟಾದದ್ದು. ನಾನು ನೋಡಿದಾಗ ಅದರ ಉಚಿತ ಎಸೆನ್ಷಿಯಲ್ ಪ್ಲಸ್ ಎಂಟು ಕ್ಯಾಮೆರಾಕ್ಕೆ ಮಾತ್ರ. ಎಂಟರೊಳಗೆ ಮುಗಿಯುವವರು ಮೊದಲು ಅದನ್ನೇ ನೋಡಿ. ಹಲವು ಕಟ್ಟಡ, ಪ್ರತ್ಯೇಕ ಐಟಿ ಸಿಬ್ಬಂದಿ ಇರುವವರಿಗೂ ಅದೇ ಸರಿ. ನಮ್ಮಲ್ಲಿ ಐಟಿ ಸಿಬ್ಬಂದಿ ಎಂದರೆ ನಾನೊಬ್ಬನೇ.

ಎನ್‌ಎಕ್ಸ್ ವಿಟ್ನೆಸ್ ನನಗೆ ಹಿಡಿಸಿದ್ದು ಹುಡುಕಾಟದಲ್ಲಿ. ಚಿತ್ರದ ಮೇಲೆ ಮೌಸಿನಿಂದ ರ‍್ಯಾಕಿನ ಸುತ್ತ ಒಂದು ಚೌಕ ಎಳೆದರೆ ಸಾಕು, ಆ ಚೌಕದೊಳಗೆ ಏನಾದರೂ ಅಲುಗಾಡಿದ ಹೊತ್ತುಗಳು ಮಾತ್ರ ಟೈಮ್‌ಲೈನಿನಲ್ಲಿ ಎದ್ದು ಕಾಣುತ್ತವೆ. ಪರೀಕ್ಷೆಗೆಂದು ಒಂದು ರಾತ್ರಿ ನಾನೇ ಹೋಗಿ ಪೆಟ್ಟಿಗೆಯೊಂದನ್ನು ಸರಿಸಿ ಬಂದೆ. ಬೆಳಿಗ್ಗೆ ಹುಡುಕಿದರೆ ಒಂದು ನಿಮಿಷದೊಳಗೆ ನನ್ನ ಕೈಯೇ ಸಿಕ್ಕಿತು. ಹುಳದ ಕಾಟ ಪೂರ್ತಿ ತಪ್ಪಿಲ್ಲ, ಆದರೆ ನೋಡಬೇಕಾದದ್ದು ಬೆರಳೆಣಿಕೆಯಷ್ಟು. ಎಕ್ಸ್‌ಪೋರ್ಟ್ ನೇರ ಎಂಪಿ4, ದಿನಾಂಕ, ಸಮಯ ಚಿತ್ರದ ಮೇಲೇ ಅಚ್ಚಾಗಿ ಬರುತ್ತದೆ. ಹಳೆಯ ಕ್ಯಾಮೆರಾಗಳು ಆನ್‌ವಿಫ್ (ಬೇರೆ ಬೇರೆ ಕಂಪನಿಯ ಕ್ಯಾಮೆರಾ, ಸಾಫ್ಟ್‌ವೇರ್ ಹೊಂದಿಕೊಳ್ಳಲು ಇರುವ ಮಾನದಂಡ) ಆಗಿದ್ದರಿಂದ ಒಂದನ್ನೂ ಬದಲಿಸಬೇಕಾಗಲಿಲ್ಲ. ರೆಕಾರ್ಡ್ ಮಾಡುವ ಕ್ಯಾಮೆರಾಕ್ಕೆ ಒಂದೊಂದು ಲೈಸೆನ್ಸ್, ಒಮ್ಮೆ ಕೊಂಡು ಮುಗಿಸಿದೆ. ತಿಂಗಳ ಬಾಡಿಗೆ ಎಂದರೆ ಆಗದ ನನ್ನಂಥವನಿಗೆ ಇದು ದೊಡ್ಡ ನೆಮ್ಮದಿ.

ಇದಕ್ಕೆ ಸದಾ ಓಡುವ ಒಂದು ಪಿಸಿ, ಅದಕ್ಕೊಂದು ಯುಪಿಎಸ್ ಬೇಕು. ವಿಂಡೋಸ್ ಅಪ್‌ಡೇಟ್ ನಡುರಾತ್ರಿ ರೀಸ್ಟಾರ್ಟ್ ಮಾಡುವ ಭಯಕ್ಕೆ ನಾನು ವಿಂಡೋಸ್ ಬದಲು ಉಬುಂಟು ಹಾಕಿಕೊಂಡೆ.

ಕ್ಯಾಮೆರಾಗಳನ್ನು ವಿಡಿಯೊವನ್ನು ಇನ್ನಷ್ಟು ಕುಗ್ಗಿಸಿ ಇಡುವ ಎಚ್.265ಕ್ಕೆ ಬದಲಿಸಿ 2 ಎಂಬಿಪಿಎಸ್‌ಗೆ ಇಳಿಸಿದೆ, 8 ಟಿಬಿ ಡಿಸ್ಕ್ ಕೂರಿಸಿದೆ. ಈಗ ಮೂವತ್ತು ದಿನದ ದಾಖಲೆ ಕೈಯಲ್ಲಿದೆ. ಪ್ರತಿ ಸೋಮವಾರ ಲೆಕ್ಕ ಎಣಿಸುವ ಮೊದಲು ಗೇಟಿನ ಕ್ಯಾಮೆರಾದ ಎರಡು ನಿಮಿಷ ಎಕ್ಸ್‌ಪೋರ್ಟ್ ಮಾಡಿ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡುತ್ತೇನೆ.