ಸಹಿ ಹಾಕುವ ಮೊದಲು ಓದಿದ ಎರಡು ಕರಾರು

ನನ್ನ ಕಥಾಸಂಕಲನ ಮಂಗಳೂರಿನ ಸಣ್ಣ ಪ್ರಕಾಶಕರೊಬ್ಬರಿಂದ ಬಂತು. ಅವರಿಗೇ ಕೊಟ್ಟದ್ದು ಒಳ್ಳೆಯದಾಯಿತು. ಬೆಂಗಳೂರಿನ ಇನ್ನೊಬ್ಬರ ಕರಾರೂ ಕೈಯಲ್ಲಿತ್ತು. ನಮ್ಮ ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆ ಬರೆಯುವ ಗೆಳೆಯರು ಪುಸ್ತಕ ಯಾರಿಗೆ ಕೊಡಬೇಕು ಅಂತ ಕೇಳುತ್ತಿರುತ್ತಾರೆ, ಅದಕ್ಕೇ ಈ ಹೋಲಿಕೆ.

ರಾಯಲ್ಟಿ, ಅಂದರೆ ಮಾರಾಟವಾದ ಪ್ರತಿಗೆ ಲೇಖಕರ ಪಾಲು, ಇಬ್ಬರದ್ದೂ ಮುಖಬೆಲೆಯ ಶೇ. 10. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆಂದು ಬೆಂಗಳೂರಿನವರು ಬೇರೆ ದುಡ್ಡು ಕೇಳಿದ್ದರು. ನಮ್ಮ ದೇಶದಲ್ಲಿ ಅದು ಉಚಿತವಾಗಿಯೇ ಸಿಗುತ್ತದೆ.

ನಾನು ನಿಂತುಬಿಟ್ಟದ್ದು ಅವರ ಏಳನೇ ಕಲಮಿನಲ್ಲಿ. ಎಲ್ಲ ಭಾಷೆಗಳ ಅನುವಾದ, ನಾಟಕ, ಆಡಿಯೊ, ಸಿನಿಮಾ ಹಕ್ಕುಗಳು 'ಹಕ್ಕುಸ್ವಾಮ್ಯದ ಪೂರ್ಣ ಅವಧಿಗೆ' ಪ್ರಕಾಶಕರದು ಅಂತ ಒಂದೇ ಸಾಲು. ಅಂದರೆ ನಾನು ಬದುಕಿರುವಷ್ಟು ಕಾಲ, ಆಮೇಲೆ ಇನ್ನೂ 60 ವರ್ಷ.

ಕಾಸರಗೋಡಿನವರಿಗೆ ಇದು ಸಣ್ಣ ಮಾತಲ್ಲ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕನ್ನಡ, ಮಲಯಾಳ ಎರಡೂ ನಡೆಯುತ್ತವೆ, ಮನೆಗೆ ಬಂದರೆ ತುಳು. ಇಲ್ಲಿನ ಕಥೆ ಮೊದಲು ದಾಟುವುದೇ ಮಲಯಾಳಕ್ಕೆ. ಸಹೋದ್ಯೋಗಿಯೊಬ್ಬರು ಆಗಲೇ ನನ್ನ ಒಂದು ಕಥೆ ಅನುವಾದಿಸುತ್ತಿದ್ದರು. ಸಹಿ ಹಾಕಿದ್ದರೆ ಪಕ್ಕದ ಕುರ್ಚಿಯಲ್ಲಿದ್ದ ನನ್ನನ್ನು ಬಿಟ್ಟು ಅವರು ಬೆಂಗಳೂರಿಗೆ ಬರೆದು ಅನುಮತಿ ಕೇಳಬೇಕಿತ್ತು!

1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಓದಿಕೊಂಡೆ. ಅವಧಿ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಕೊಟ್ಟ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ಬಿದ್ದುಹೋಗುತ್ತದೆ, ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ. ಬೆಂಗಳೂರಿನವರು ಬೇರೆ ಥರವೇ ಬರೆದಿದ್ದರು: ಬಳಸದಿದ್ದರೂ ಹಕ್ಕು ಮರಳುವುದಿಲ್ಲ. ಅನುವಾದವನ್ನಾದರೂ ಬಿಡಿ ಸಾರ್ ಎಂದೆ. ಎಲ್ಲರಿಗೂ ಇದೇ ನಮೂನೆ ಅಂದರು.

ಮಂಗಳೂರಿನವರದು ಎರಡೇ ಪುಟ. ಕನ್ನಡದಲ್ಲಿ ಅಚ್ಚು ಹಾಕುವ ಹಕ್ಕು ಮಾತ್ರ, ಅದೂ 3 ವರ್ಷಕ್ಕೆ.

ಪ್ರಚಾರದ ವಿಷಯಕ್ಕೆ ಬಂದರೆ, ಬೆಂಗಳೂರಿನವರಿಗೆ ವಾರಕ್ಕೊಂದು ರೀಲ್ ಬೇಕು. ಬಿಡುಗಡೆಯ ಹಾಲ್ ಬಾಡಿಗೆ ನನ್ನದು. 180 ರೂಪಾಯಿಯ ಪುಸ್ತಕವನ್ನು ಶೇ. 30 ರಿಯಾಯಿತಿಯಲ್ಲಿ 150 ಪ್ರತಿ ನಾನೇ ಕೊಳ್ಳಬೇಕು. 18,900 ರೂಪಾಯಿ ಆಯಿತು. ರಾಯಲ್ಟಿಯಿಂದಲೇ ಅಷ್ಟು ಹುಟ್ಟಬೇಕಾದರೆ 1,050 ಪ್ರತಿ ಖರ್ಚಾಗಬೇಕು, ಅಚ್ಚು ಹಾಕುವುದು 500! ಮಂಗಳೂರಿನವರು ಕೇಳಿದ್ದು ಕಾಸರಗೋಡಿನ ಒಂದು ಸಭೆಗೆ ಬನ್ನಿ ಅಂತ. ಪುಸ್ತಕದ ಕಟ್ಟು ಅವರೇ ತಂದರು, ಮೇಜು ಹಾಕಿ ಮಾರಿದರು.

ಬೆಂಗಳೂರಿನವರ ಮುಖಪುಟ ಚೆನ್ನ, ಅಂಗಡಿಗಳ ಸಂಪರ್ಕವೂ ಜಾಸ್ತಿ. ಅಲ್ಲೇ ವಾಸ, ಕೈಯಲ್ಲಿ ದುಡ್ಡು, ಕ್ಯಾಮೆರಾ ಮುಂದೆ ಮಾತಾಡುವ ಅಭ್ಯಾಸ ಇದ್ದವರು ಯೋಚಿಸಬಹುದು. ಆದರೂ ಏಳನೇ ಕಲಮು ತೆಗೆಸಿಯೇ ಸಹಿ ಹಾಕಿ. ಉತ್ತರಪತ್ರಿಕೆ ತಿದ್ದಿ ರಾತ್ರಿ ಬರೆಯಲು ಕೂರುವ ನನ್ನಂಥವರಿಗೆ ಮಂಗಳೂರಿನವರೇ ಸರಿ. ಮುಂದಿನ ಪುಸ್ತಕವೂ ಅವರಿಗೇ.