ಮಾಗಿ ಚಳಿಗೆ ಬಾಳೆಗೊನೆಯ ಬಿಳಿ ಚೀಲ: ಕೊಳ್ಳಬಹುದು, ದಾರ ಮಾತ್ರ ನಿಮ್ಮದೇ ಇರಲಿ

ಪಾಂಡವಪುರದ ಹತ್ತಿರ ನಮ್ಮದು ಏಲಕ್ಕಿ ಬಾಳೆ ತೋಟ, ಬದುವಿನ ಕಡೆ ಉದ್ದ ಗೊನೆಯ ಜಿ-9 ತಳಿಯ ಬಾಳೆ ಕೂಡ ಸ್ವಲ್ಪ ಇದೆ. ಗೊನೆಗೆ ತೊಡಿಸುವ ಬಿಳಿ ಚೀಲ ಬರುತ್ತದಲ್ಲ, ಅಂಗಡಿಯವರು ಸ್ಕರ್ಟಿಂಗ್ ಬ್ಯಾಗ್ ಅಂತಾರೆ, ಅದನ್ನು ಈ ಮಾಗಿಯಲ್ಲಿ ಬಳಸಿದೆ. ಬಾಳೆ ಇಟ್ಟವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮಂಡ್ಯದ ಚಳಿ ಬಾಳೆಗೆ ಏನು ಮಾಡೀತು ಅಂತ ಕೇಳುವವರಿದ್ದಾರೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿ 15-16 ಡಿಗ್ರಿಗೆ ಇಳಿಯುವುದು ಮಾಮೂಲು, ಕೆಲವು ರಾತ್ರಿ ಇನ್ನೂ ಕೆಳಗೆ ಹೋಗುತ್ತದೆ. 16ಕ್ಕಿಂತ ಕಡಿಮೆಯಾದರೆ ಬಾಳೆಯ ಬೆಳವಣಿಗೆ ಕುಂಟುತ್ತದೆ. 13ರ ಕೆಳಗೆ ಕಾಯಿಗೇ ಪೆಟ್ಟು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗಲ್ಲ. ಉಗುರಿನಿಂದ ಸಿಪ್ಪೆಯನ್ನು ತೆಳ್ಳಗೆ ಎಬ್ಬಿಸಿ ನೋಡಿ, ಹಸಿರಿನ ಕೆಳಗೆ ನೂಲಿನಂಥ ಕಂದು ಗೆರೆಗಳು ಕಾಣುತ್ತವೆ. ಅಂಥ ಕಾಯಿ ಹಣ್ಣಾದರೂ ಬಣ್ಣ ಮಾಸಿಕೊಂಡೇ ಇರುತ್ತದೆ. ಮಂಡಿಯಲ್ಲಿ ಬಣ್ಣ ನೋಡಿಯೇ ರೇಟು ಹೇಳುವುದು, ಅಲ್ವಾ?

ಗೊಬ್ಬರದ ಅಂಗಡಿಯಲ್ಲಿ ಎರಡು ತರಹ ಇತ್ತು. ಒಂದು ನೀಲಿ ಪ್ಲಾಸ್ಟಿಕ್ ಕವರ್, ಇನ್ನೊಂದು 17 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 17 ಗ್ರಾಂ ತೂಕದ) ನಾನ್ ವೋವನ್, ಅಂದರೆ ನೇಯದ ಬಟ್ಟೆಯ ಬಿಳಿ ಚೀಲ.

"ಪ್ಲಾಸ್ಟಿಕ್ಕೇ ತಗೊಳ್ಳಿ ಅಕ್ಕ, ಕಡಿಮೆಗೆ ಬರುತ್ತೆ" ಅಂದರು ಅಂಗಡಿಯವರು.

"ಇದರಲ್ಲಿ ತೂತೇ ಇಲ್ವಲ್ಲಣ್ಣ" ಅಂದೆ.

ತೂತಿಲ್ಲದ ಪ್ಲಾಸ್ಟಿಕ್ಕಿನಲ್ಲಿ ಬೆವರು ಒಳಗೇ ನಿಲ್ಲುತ್ತದೆ, ಹಗಲು ಬಿಸಿಲಿಗೆ ಕಾಯಿ ಬೇಯುತ್ತದೆ. ಪ್ಲಾಸ್ಟಿಕ್ ಹಾಕಲೇಬೇಕಾದರೆ ಚಳಿಗಾಲಕ್ಕೆ ಶೇ. 2, ಬೇಸಿಗೆಗೆ ಶೇ. 4ರಷ್ಟು ಜಾಗ ತೂತಿರಬೇಕು. ಬಿಳಿ ಚೀಲದಲ್ಲಿ ಈ ತಾಪತ್ರಯ ಇಲ್ಲ, ಗಾಳಿ ಆಡುತ್ತದೆ. ಒಂದಕ್ಕೆ 15 ರೂಪಾಯಿಯ ಆಸುಪಾಸು ಬಿತ್ತು. ಹರಿಯದಿದ್ದರೆ ತೊಳೆದು ಒಣಗಿಸಿ ಮುಂದಿನ ಗೊನೆಗೂ ಹಾಕಬಹುದು.

ಕಟ್ಟುವ ಹೊತ್ತು ಮುಖ್ಯ. ಕೊನೆಯ ಚಿಪ್ಪು ಪೂರ್ತಿ ಬಿಚ್ಚಿಕೊಂಡ ಮೇಲೆ ಹೂವು ಮುರಿದು, ಕೆಳಗಿನಿಂದ ಮೇಲಕ್ಕೆ ಚೀಲ ಏರಿಸಿ. ಮೇಲ್ಗಡೆ ಗೊನೆಯ ದಿಂಡಿಗೆ ಬಿಗಿಯಾಗಿ ಕಟ್ಟಿ. ಕೆಳಗಿನ ಬಾಯಿ ತೆರೆದೇ ಇರಲಿ, ಇಬ್ಬನಿ ನೀರು ಇಳಿದು ಹೋಗಬೇಕು.

ಚೀಲ ಹಾಕದ ಗೊನೆಗಳನ್ನೂ ಪಕ್ಕದ ಸಾಲಿನಲ್ಲೇ ಬಿಟ್ಟಿದ್ದೆ. ಎರಡನ್ನೂ ಜೊತೆಗಿಟ್ಟು ನೋಡಿದಾಗ ತುಂಬಾ ಖುಷಿಯಾಯಿತು. ಚೀಲದೊಳಗಿನ ಕಾಯಿ ಒಂದೇ ಸಮ ಹಸಿರು. ನುಸಿ ಕೆರೆದ ಕಲೆ ಇಲ್ಲ, ಎಲೆ ಉಜ್ಜಿದ ಗೀರೂ ಇಲ್ಲ. ಕಾಯಿಗಳು ದುಂಡಗಾಗಿ, ಬೇಗ ತುಂಬಿದವು.

ಕೊರತೆಯೂ ಇದೆ. ಜೊತೆಗೆ ಬರುವ ದಾರ ಸುಮ್ನೆ ಹೆಸರಿಗೆ, ಒಂದು ಜೋರು ಗಾಳಿಗೆ ಜಾರಿಬಿಡುತ್ತದೆ. ನಾನು ಬಾಳೆ ನಾರಿನಲ್ಲೇ ಕಟ್ಟಿದೆ. ಏಲಕ್ಕಿ ಗೊನೆಗೆ ಉದ್ದ ಸರಿಹೋಗುತ್ತದೆ, ಜಿ-9ಕ್ಕೆ ಸಾಲಲ್ಲ, ಕೆಳಗಿನ ಚಿಪ್ಪು ಹೊರಗೇ ಉಳಿಯುತ್ತದೆ. ಹತ್ತಿರದಲ್ಲಿ ಎಲೆಯ ಕಾವು ಉಜ್ಜುತ್ತಿದ್ದರೆ ಚೀಲ ಹರಿಯುತ್ತದೆ, ಆ ಎಲೆ ಮೊದಲೇ ತೆಗೆಯಿರಿ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ಚೀಲ ಗೊನೆಯನ್ನು ಕಾಯುತ್ತದೆ, ಗಿಡವನ್ನಲ್ಲ. ಕಡು ಚಳಿಯಲ್ಲಿ ಗೊನೆ ಹೊರಗೆ ಬರಲಾರದೆ ಗಿಡದ ಕತ್ತಿನಲ್ಲೇ ಸಿಕ್ಕಿಕೊಂಡರೆ ಯಾವ ಚೀಲವೂ ಏನೂ ಮಾಡಲ್ಲ. ಅದಕ್ಕೆ ನಾಟಿಯ ತಿಂಗಳನ್ನೇ ನೋಡಿಕೊಳ್ಳಬೇಕು. ಟಿಶ್ಯೂ ಕಲ್ಚರ್ (ಲ್ಯಾಬಿನಲ್ಲಿ ಬೆಳೆಸಿದ ಸಸಿ) ಜಿ-9 ನೆಟ್ಟ 7-8 ತಿಂಗಳಿಗೆ ಗೊನೆ ಹಾಕುತ್ತದೆ. ಏಪ್ರಿಲ್, ಮೇನಲ್ಲಿ ನೆಟ್ಟರೆ ಗೊನೆ ಹಾಕುವ ಹೊತ್ತು ಮಾಗಿ ಚಳಿಗೇ ಬಂದು ಕೂರುತ್ತದೆ, ಅದನ್ನು ತಪ್ಪಿಸಿ. ಬುಡಕ್ಕೆ ಒಣ ಎಲೆ, ಕಬ್ಬಿನ ತರಗು ದಪ್ಪಗೆ ಹರಡಿ. ಚಳಿ ಜಾಸ್ತಿ ಅನ್ನಿಸಿದ ದಿನ ಸಂಜೆ ನೀರು ಕೊಡಿ. ಬೋರಿನ ನೀರು ಆ ಹೊತ್ತಿಗೆ ಬೆಚ್ಚಗೇ ಇರುತ್ತದೆ, ಒದ್ದೆ ಮಣ್ಣೂ ಬೇಗ ತಣ್ಣಗಾಗಲ್ಲ.

ಏಲಕ್ಕಿ ಬೆಳೆಯುವವರು ಧೈರ್ಯವಾಗಿ ಕೊಳ್ಳಬಹುದು. ಜಿ-9 ಇರುವವರು ಅಂಗಡಿಯಲ್ಲೇ ಒಂದು ಚೀಲ ಬಿಚ್ಚಿಸಿ, ಉದ್ದ ಅಳೆದು ನೋಡಿ ತಗೊಳ್ಳಿ.